ಎರಡು ದಾಳಿಗಳು, ಒಂದು ಚಿತ್ರ

ಶತ್ರುವಿನ ಕಣ್ಣು ತಪ್ಪಿಸಿ ಅವನ ನೆಲೆಯೊಳಕ್ಕೆ ನುಸುಳುವ ಕೆಲವೇ ಮಂದಿಯ ಕಥೆ ಯುದ್ಧಚಿತ್ರಗಳ ರಸಿಕರಿಗೆ ಎಂದೂ ಹಳತೆನಿಸದು. 1961ರ ‘ದಿ ಗನ್ಸ್ ಆಫ್ ನವರೋನ್’ ಈ ಬಗೆಯ ಚಿತ್ರಗಳಿಗೆ ಮೇಲ್ಪಂಕ್ತಿ. ಆದರೆ ಆ ನವರೋನ್ ದ್ವೀಪವೇ ಕಾದಂಬರಿಕಾರನ ಕಲ್ಪನೆ. ಅದರಲ್ಲಿ ನಟಿಸಿದ ಗ್ರೆಗರಿ ಪೆಕ್ ಹಾಗೂ ಡೇವಿಡ್ ನಿವನ್ 1980ರಲ್ಲಿ ಮತ್ತೆ ಜೊತೆಗೂಡಿದ ‘ದಿ ಸೀ ವುಲ್ವ್ಸ್’ ಚಿತ್ರದ ಕಥೆಯಾದರೋ ನಿಜವಾಗಿ ನಡೆದದ್ದು. ಅದೂ ನಮ್ಮ ನೆರೆಯ ಗೋವೆಯಲ್ಲಿ.

ಎರಡನೆಯ ಮಹಾಯುದ್ಧದಲ್ಲಿ ಪೋರ್ಚುಗಲ್ ತಟಸ್ಥವಾಗಿತ್ತು. ಅದರ ಆಡಳಿತಕ್ಕೆ ಸೇರಿದ ಮರ್ಮಗೋವಾ ಬಂದರಿನಲ್ಲಿ ಮೂರು ಜರ್ಮನ್ ಹಡಗುಗಳೂ ಒಂದು ಇಟಲಿಯ ಹಡಗೂ ಆಶ್ರಯ ಪಡೆದಿದ್ದವು. ಅವುಗಳಲ್ಲಿ ‘ಎಹ್ರೆನ್‌ಫೆಲ್ಸ್’ ಎಂಬುದರಿಂದ ಬ್ರಿಟಿಷ್ ಹಡಗುಗಳ ಸುಳಿವು ಗುಪ್ತ ನಿಸ್ತಂತು ಯಂತ್ರದ ಮೂಲಕ ಜರ್ಮನ್ ಜಲಾಂತರ್ಗಾಮಿಗಳಿಗೆ ತಲಪುತ್ತಿದೆಯೆಂದು ಆಂಗ್ಲರು ಬಗೆದರು. ಸೈನ್ಯವನ್ನು ಕಳುಹಿಸಿದರೆ ತಟಸ್ಥ ರಾಷ್ಟ್ರದ ಮೇಲೆ ಏರಿಹೋದಂತೆ. ಆದ್ದರಿಂದ ಈ ಕಾರ್ಯಕ್ಕೆ ಆರಿಸಿದ್ದು ಕಲಕತ್ತೆಯ ವರ್ತಕರೂ ಕಚೇರಿಯ ಅಧಿಕಾರಿಗಳೂ ಆಗಿದ್ದ ನಡುವಯಸ್ಸಿನ ಹವ್ಯಾಸಿ ಸೈನಿಕರನ್ನು! ಏದುಸಿರು ಬಿಡುತ್ತ ಕವಾಯತು ಕಲಿಯುವ ಈ ವೀರರೇ ಚಿತ್ರದ ಸೊಗಸು. ಅವರು ಕೊಚ್ಚಿಯಲ್ಲಿ ‘ಫೀಬಿ’ ಎಂಬ ಹೂಳು ಸಾಗಿಸುವ ಹಳೆಯ ನಾವೆಯನ್ನೇರಿ, ನಮ್ಮ ಕರಾವಳಿಯ ಗುಂಟ ಸಾಗಿ, 1943ರ ಮಾರ್ಚ್ 9ರ ಕತ್ತಲೆಯಲ್ಲಿ ಎಹ್ರೆನ್‌ಫೆಲ್ಸನ್ನು ಹತ್ತಿದರು. ಅದರ ಕಪ್ತಾನನು ಹತನಾದ. ಜರ್ಮನ್ ಸಿಬ್ಬಂದಿಯೇ ಹಡಗನ್ನು ಮುಳುಗಿಸಿತು. ಉಳಿದ ಮೂರು ಹಡಗುಗಳ ಗತಿಯೂ ಅದೇ ಆಯಿತು. ದಾಳಿಯಿಟ್ಟವರು ಮಾತ್ರ ಎಲ್ಲರೂ ಜೀವಸಹಿತ ಮರಳಿದರು. ಈ ವೃತ್ತಾಂತವು ಲೋಕಕ್ಕೆ ವಿಶದವಾಗಿ ತಿಳಿದದ್ದು 1978ರಲ್ಲಿ, ಜೇಮ್ಸ್ ಲೀಸರನ ಪುಸ್ತಕದಿಂದ.

ಮರ್ಮಗೋವೆಯಿಂದ ಹೊರಟ ರೈಲುಹಾದಿ ಘಟ್ಟವನ್ನೇರಿ, ಹುಬ್ಬಳ್ಳಿಯನ್ನು ಹಾಯ್ದು, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಿಗೆ ಬರುತ್ತದೆ. ಐರಣಿಯ ಕಂಬಳಿಗೂ ಬ್ಯಾಡಗಿಯ ಮೆಣಸಿನಕಾಯಿಗೂ ಹೆಸರಾದ ಈ ಸೀಮೆಯಲ್ಲಿ, ಗೋವೆಯ ದಾಳಿ ನಡೆದ ಇಪ್ಪತ್ತಮೂರನೆಯ ದಿನ ಇನ್ನೊಂದು ದಾಳಿ ನಡೆಯಿತು.

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ, 18ರ ಹರೆಯದಲ್ಲಿ, ಗಾಂಧೀಜಿಯವರೊಡನೆ ದಾಂಡಿಗೆ ನಡೆದವರು. 1942ರ ಚಲೇಜಾವ್ ಚಳವಳಿಯಲ್ಲಿ ಅವರು ಭೂಗತರಾಗಿ ಹೋರಾಡಿದರು. 1943ರ ಏಪ್ರಿಲ್ 1ರಂದು ವರದಾ ತೀರದ ಹೊಸರಿತ್ತಿಯಲ್ಲಿ, ದೇವಾಲಯದೊಳಗೆ ಪೊಲೀಸರ ಕಾವಲಿನಲ್ಲಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಸಂಗಡಿಗರೊಡನೆ ಹೋದಾಗ ಗುಂಡಿಗೆ ಬಲಿಯಾದರು. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಜೊತೆಯಲ್ಲೇ ಮಡಿದರು. ಸ್ವಾತಂತ್ರ್ಯಕ್ಕಾಗಿ ತಾವೂ ಸೆರೆಮನೆ ಕಂಡಿದ್ದ ಪತ್ನಿ ಸಿದ್ದಮ್ಮನವರಿಗೆ ಉಳಿದದ್ದು ಪತಿಯ ನೆನಪು.

ಎರಡೂ ಕಡೆ ಇದ್ದದ್ದು ಒಂದೇ ಸರ್ಕಾರ. ಪರರ ಬಂದರಿಗೆ ಕದ್ದು ನುಗ್ಗಿದವರು ಅದಕ್ಕೆ ಸಾಹಸಿಗಳು. ತಮ್ಮ ನಾಡಿನ ರೈತರು ತೆತ್ತ ಹಣಕ್ಕೆ ಕೈಯಿಟ್ಟವರು ಅಪರಾಧಿಗಳು. ಕ್ಯಾಮೆರಾವನ್ನು ಯಾರ ಬೆನ್ನ ಹಿಂದೆ ನಿಲ್ಲಿಸಿದ್ದಾರೋ ಅವರಿಗಾಗಿಯೇ ಪ್ರೇಕ್ಷಕನ ಎದೆ ಡವಗುಟ್ಟುತ್ತದೆ. ಪೆಕ್, ನಿವನ್‌ರ ಚಿತ್ರವನ್ನು ನೋಡಿ ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾವೇರಿಯ ಕಡೆಗೆ ಹೋದಾಗ ಅಲ್ಲಿನ ವೀರಸೌಧದ ಮುಂದೆ ಒಂದು ಗಳಿಗೆ ನಿಲ್ಲಿರಿ. ಗೋವೆಯ ಆ ಹದಿನೆಂಟು ಮಂದಿ ಮನೆಗೆ ಮರಳಿದರು. ಈ ಮೂವರು ಮರಳಲಿಲ್ಲ.