ಅನ್ಯಗ್ರಹಗಳಲ್ಲಿ ಬುದ್ಧಿವಂತ ಜೀವಿಗಳಿವೆಯೇ?

ಇವೆ ಎನ್ನಲು ಈವರೆಗೆ ಪುರಾವೆ ಸಿಕ್ಕಿಲ್ಲ, ಇಲ್ಲವೆನ್ನಲೂ ಆಧಾರವಿಲ್ಲ. ಆಸೆ ಹುಟ್ಟಿಸಿದ ಸುಳಿವುಗಳಲ್ಲಿ ಹೆಸರಾದದ್ದು, 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೊದಲ್ಲಿದ್ದ ‘ಬಿಗ್ ಇಯರ್’ ರೇಡಿಯೊ ದೂರದರ್ಶಕಕ್ಕೆ ಧನು ರಾಶಿಯ ದಿಕ್ಕಿನಿಂದ ಬಂದ ಸಂಕೇತ. ಅದರ ಆವರ್ತನ, ಹೈಡ್ರೋಜನ್ ಸಹಜವಾಗಿ ಹೊಮ್ಮಿಸುವ 1420 ಮೆಗಾಹರ್ಟ್ಸ್‌ನ ಆಸುಪಾಸಿನದು. ಕೆಲವು ದಿನಗಳ ನಂತರ ಕಂಪ್ಯೂಟರ್ ಮುದ್ರಿಸಿದ ಹಾಳೆ ತಿರುವುತ್ತಿದ್ದ ಖಗೋಳವಿಜ್ಞಾನಿ ಜೆರ್ರಿ ಎಹ್ಮನ್, ಆ ಸಂಕೇತವನ್ನು ಸೂಚಿಸುತ್ತಿದ್ದ ಆರು ಅಂಕಿ-ಅಕ್ಷರಗಳನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ ಪಕ್ಕದಲ್ಲಿ ‘ವಾವ್!’ ಎಂದು ಬರೆದರು. ಸಂಕೇತ ದಾಖಲಾದದ್ದು 72 ಸೆಕೆಂಡು. ಅದು ಸಂಕೇತದ ಆಯಸ್ಸೆಂದು ಹಲವರು ತಿಳಿಯುವುದುಂಟು. ಅಸಲಿಗೆ ಭೂಮಿ ತಿರುಗಿದಂತೆ ಆಕಾಶದ ಒಂದು ಬಿಂದು ಆ ದೂರದರ್ಶಕದ ನೋಟದಲ್ಲಿ ಉಳಿಯುತ್ತಿದ್ದುದೇ ಅಷ್ಟು ಹೊತ್ತು. ಕೆಲವೇ ನಿಮಿಷಗಳ ಅಂತರದಲ್ಲಿ ಅದೇ ಜಾಗ ನೋಡುತ್ತಿದ್ದ ಎರಡು ಗ್ರಾಹಕಗಳಲ್ಲಿ ಒಂದಕ್ಕೆ ಮಾತ್ರ ಅದು ಸಿಕ್ಕಿತು, ಮತ್ತೆಂದೂ ಕೇಳಿಸಲಿಲ್ಲ.

ಇಂಥ ಸಂಕೇತ ಕಳಿಸಬಲ್ಲ ನಾಗರಿಕತೆಗಳೆಷ್ಟಿರಬಹುದೆಂದು ಲೆಕ್ಕಹಾಕಲು ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ 1961ರಲ್ಲಿ ಸಮೀಕರಣವೊಂದನ್ನು ಕೊಟ್ಟರು. ಅದರಲ್ಲಿರುವ ನಕ್ಷತ್ರ, ಗ್ರಹಗಳ ಅಂಶಗಳಿಗೆ ಈಗ ಅಂದಾಜುಗಳಿವೆ. ಜೀವ ಹುಟ್ಟುವ, ಬುದ್ಧಿ ಬೆಳೆಯುವ ಸಾಧ್ಯತೆಗಳು ಮಾತ್ರ ಬರೀ ಊಹೆ. ತಿಳಿದಿರುವ ಜೀವಲೋಕ ಭೂಮಿಯೊಂದೇ. ಒಂದೇ ಉದಾಹರಣೆಯಿಂದ ಸರಾಸರಿ ತೆಗೆಯಲಾಗದು. ದೂರವೂ ಅಡ್ಡಿ: 1974ರಲ್ಲಿ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಎಂ13 ನಕ್ಷತ್ರಗುಚ್ಛದತ್ತ ಕಳಿಸಿದ ಸಂದೇಶ ಅಷ್ಟು ದೂರ ಸಾಗಲು ಸುಮಾರು 25,000 ವರ್ಷ ಬೇಕು, ಉತ್ತರ ಬರಲು ಮತ್ತಷ್ಟೇ.