ಹಡಗೇರುವ ಮುನ್ನ ಅಂಗಡಿಯ ಲೆಕ್ಕ: ಕುಟುಂಬದ ಸಮುದ್ರ ವಿಹಾರಕ್ಕೆ ವರ್ತಕರ ಸಿದ್ಧತೆ

2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಜೇವರ್ಗಿ ತಾಲ್ಲೂಕಿನ ನೆಲೋಗಿಯ ವರ್ತಕರೊಬ್ಬರು ನನ್ನ ಕಚೇರಿಗೆ ಬಂದಿದ್ದರು. ಮೂವರು ಸಹೋದರರ ಪಾಲುದಾರಿಕೆ ಸಂಸ್ಥೆ ಅವರದು. ಮುಂಗಾರು, ಹಿಂಗಾರುಗಳಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕಗಳ ಮಾರಾಟ. ಸುಗ್ಗಿಯಲ್ಲಿ ತೊಗರಿ ಖರೀದಿ. ಲೆಕ್ಕಪತ್ರದ ಮಾತು ಮುಗಿದ ಮೇಲೆ ಹಿರಿಯ ಸಹೋದರರು ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಸಾಹೇಬ್ರ, ನಮ್ಮ ಅವ್ವ ಈ ತನಕ ಸಮುದ್ರ ನೋಡಿಲ್ರಿ. ಮುಂಬಯಿಂದ ಹಡಗಿನ್ಯಾಗ ಕರ್ಕೊಂಡು ಹೋಗಬೇಕಂತ ಮಾಡೀನಿ. ಖರ್ಚು ಅಂಗಡಿ ಖಾತೆಗೆ ಹಾಕಬಹುದೇನ್ರಿ?"

ಇಂತಹ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಂದು ಕಾಲ ಬದಲಾಗಿದೆ. 2005ರಲ್ಲಿ ಸೂಪರ್‌ಸ್ಟಾರ್ ಲಿಬ್ರಾ ಹಡಗು ಮುಂಬಯಿಯನ್ನು ನೆಲೆಯಾಗಿಸಿಕೊಂಡು ವಿಹಾರ ಯಾತ್ರೆಗಳನ್ನು ನಡೆಸಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯು ಮುಂಬಯಿಯಿಂದ ಗೋವಾ ಹಾಗೂ ಲಕ್ಷದ್ವೀಪಗಳ ಕಡೆಗೆ ಯಾನ ಆರಂಭಿಸಿತು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರಕಾರವು ಕ್ರೂಸ್ ಭಾರತ್ ಮಿಷನ್‌ಗೆ ಚಾಲನೆ ನೀಡಿತು. 2025ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಬಲ್ಲಾರ್ಡ್ ಪಿಯರ್‌ನಲ್ಲಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಗೊಂಡಿತು. ಕಲಬುರಗಿಯಿಂದ ಮುಂಬಯಿಗೆ ರೈಲಿನಲ್ಲಿ ಸುಮಾರು 570 ಕಿ.ಮೀ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದರೆ ಬಲ್ಲಾರ್ಡ್ ಪಿಯರ್ ಹತ್ತಿರದಲ್ಲೇ ಇದೆ. ಆದ್ದರಿಂದ ಒಣಭೂಮಿಯ ನಮಗೂ ಹಡಗು ಈಗ ದೂರದ ಮಾತಲ್ಲ.

ಆದರೆ ಹಡಗಿನ ಪ್ರವಾಸಕ್ಕೂ ಇತರ ಪ್ರವಾಸಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ರೈಲಿನಲ್ಲಿ ಹೋದವನು ಅಂಗಡಿಯಿಂದ ತುರ್ತು ಕರೆ ಬಂದರೆ ಸೋಲಾಪುರದಲ್ಲಿ ಇಳಿದು ಹಿಂದಿರುಗಬಹುದು. ನಡುಗಡಲಿನಲ್ಲಿ ಇಳಿಯುವಂತಿಲ್ಲ, ಎಷ್ಟೋ ಹೊತ್ತು ಮಾತನಾಡುವಂತೆಯೂ ಇಲ್ಲ. ಹೀಗಾಗಿ ಮಾಲೀಕನಿಲ್ಲದೆ ಅಂಗಡಿ ನಡೆದೀತೇ ಎಂಬುದನ್ನು ಹೊರಡುವ ಮೊದಲೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಪೆಟ್ಟಿಗೆ ಕಟ್ಟುವುದಕ್ಕಿಂತ ಈ ಸಿದ್ಧತೆ ದೊಡ್ಡದು.

ಖರ್ಚು ಯಾರ ಖಾತೆಗೆ?

ನೆಲೋಗಿಯ ವರ್ತಕರಿಗೆ ನಾನು ಕೊಟ್ಟ ಉತ್ತರ 'ಆಗದು' ಎಂದೇ. ಕುಟುಂಬದ ವಿಹಾರವು ವೈಯಕ್ತಿಕ ವೆಚ್ಚ. ಅದನ್ನು 'ವ್ಯಾಪಾರ ಪ್ರವಾಸ ವೆಚ್ಚ' ಎಂದು ಬರೆದರೂ ಆದಾಯ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಕೊಟ್ಟು ಟಿಕೆಟಿನ ಬಿಲ್ಲು ಪಡೆದರೂ ಅದರ ಮೇಲಿನ ತೆರಿಗೆಯ ಜಮೆ ದೊರೆಯುವುದಿಲ್ಲ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಸಂಸ್ಥೆಯ ಹಣದಲ್ಲಿ ಮೂವರಿಗೂ ಪಾಲಿದೆ. ಒಬ್ಬರ ಕುಟುಂಬ ವಿಹಾರಕ್ಕೆ ಹೋಗಿ, ವೆಚ್ಚವನ್ನು ಮೂವರ ಲಾಭದಲ್ಲಿ ಕಳೆದರೆ ಆ ವರ್ಷ ಯಾರೂ ಮಾತನಾಡಲಿಕ್ಕಿಲ್ಲ. ನಾಲ್ಕು ವರ್ಷಗಳ ನಂತರ ಮನೆಯ ಹೆಣ್ಣುಮಕ್ಕಳ ಮಾತಿನಲ್ಲಿ ಅದು ಹೊರಬರುತ್ತದೆ. ಆಮೇಲೆ ಪಾಲುದಾರಿಕೆಯೇ ಒಡೆಯುತ್ತದೆ. ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡ ಬಹುಪಾಲು ಸಹೋದರರ ಒಡಕು ನಷ್ಟದಿಂದ ಆದದ್ದಲ್ಲ, ಇಂತಹ ಬರೆಯದ ಲೆಕ್ಕದಿಂದ ಆದದ್ದು.

ಹಿರಿಯರು ಊರಿಗೆ ಹೋಗಿ ತಮ್ಮಂದಿರೊಂದಿಗೆ ಕುಳಿತು ಮಾತನಾಡಿದರು. ಅವರ, ಅವರ ಪತ್ನಿ ಮತ್ತು ಇಬ್ಬರು ಮಕ್ಕಳ ವೆಚ್ಚವನ್ನು ಹಿರಿಯರ ಸ್ವಂತ ಖಾತೆಗೆ ಖರ್ಚು ಹಾಕುವುದೆಂದು ನಿರ್ಧಾರವಾಯಿತು. ಕಿರಿಯ ತಮ್ಮ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ಅವ್ವನ ಟಿಕೇಟು ಮೂರೂ ಮಂದಿ ಖಾತೇಕ ಸಮ ಹಚ್ಚರಿ ಸರ್. ಆಕಿ ಮೂವರಿಗೂ ಅವ್ವನೇ." ಕಿರ್ದಿಯಲ್ಲಿ ಹಾಗೆಯೇ ಬರೆಸಿದೆವು.

ಯಾವ ವಾರ ಹೊರಡಬೇಕು?

ಪಶ್ಚಿಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳೇ ವಿಹಾರದ ಕಾಲ. ದುರದೃಷ್ಟಕ್ಕೆ ಡಿಸೆಂಬರ್‌ನಿಂದ ತೊಗರಿ ರಾಶಿ ಆರಂಭವಾಗಿ ಮಾರುಕಟ್ಟೆಗೆ ಆವಕ ಏರುವುದೂ ಅದೇ ತಿಂಗಳುಗಳಲ್ಲಿ. ಮಾರ್ಚಿಯಲ್ಲಿ ವರ್ಷಾಂತ್ಯದ ಲೆಕ್ಕ. ಹೀಗಾಗಿ ನಮ್ಮ ಭಾಗದ ವರ್ತಕರಿಗೆ ಎರಡೇ ಕಿಂಡಿಗಳು ಉಳಿಯುತ್ತವೆ: ಏಪ್ರಿಲ್ 20ರ ನಂತರ ಮೇ ಮಧ್ಯದವರೆಗೆ ಒಂದು, ದಸರೆಯ ಶಾಲಾ ರಜೆಯಲ್ಲಿ ಇನ್ನೊಂದು.

ಆ ಕುಟುಂಬ ದಸರೆಯನ್ನು ಆರಿಸಿಕೊಂಡಿತು. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂದಿತ್ತು. ತೆರಿಗೆ ಲೆಕ್ಕಪರಿಶೋಧನಾ ವರದಿಯ ಗಡುವು ಸೆಪ್ಟೆಂಬರ್ 30 ಇದ್ದುದು ಆ ವರ್ಷ ಅಕ್ಟೋಬರ್ 7ರವರೆಗೆ ವಿಸ್ತರಣೆಯಾಗಿತ್ತು. ಮಾರಾಟದ ವಿವರದ ಜಿ.ಎಸ್.ಟಿ.ಆರ್.-1 ಪ್ರತಿ ತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ ನಮೂನೆ 20ಕ್ಕೆ. ಆದ್ದರಿಂದ ಮೊದಲನೆಯದನ್ನು ಸಲ್ಲಿಸಿ, ಅಂಗಡಿಯ ಪೂಜೆ ಮಾಡಿ, ಊರಿನವರಿಗೆ ಬನ್ನಿ ಕೊಟ್ಟು 13ರಂದು ಹೊರಟು 19ಕ್ಕೆ ಮರಳುವುದೆಂದು ಗೊತ್ತುಮಾಡಿದೆವು.

ಆದರೂ ಆ ವಾರ ಪೂರ್ತಿ ಬಿಡುವಿನದಾಗಿರಲಿಲ್ಲ. ಹಿಂಗಾರಿ ಜೋಳ, ಕಡಲೆಯ ಬಿತ್ತನೆಯ ಕಾಲ. ಬೀಜ, ಗೊಬ್ಬರಕ್ಕೆ ರೈತರು ಅಂಗಡಿಗೆ ಬರುವ ದಿನಗಳು. ಅಂಗಡಿಗಾರನಿಗೆ ಪೂರ್ಣ ಬಿಡುವಿನ ವಾರ ಎಂದೂ ಬರುವುದಿಲ್ಲ. ಇತರರು ನಿಭಾಯಿಸಬಲ್ಲ ವಾರವನ್ನು ಆರಿಸಿಕೊಳ್ಳುವುದೇ ವಿವೇಕ.

ದರಪಟ್ಟಿಯನ್ನು ಓದುವ ಬಗೆ

ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂದು ಲೆಕ್ಕ ಹಾಕಿ ಒಬ್ಬರಿಗೆ ಹೇಳಿದ ದರ. ಅದೇ ಕೋಣೆಯ ಮೂರನೆಯ, ನಾಲ್ಕನೆಯ ಹಾಸಿಗೆಗೆ ದರ ಕಡಿಮೆ ಇರುತ್ತದೆ. ಒಬ್ಬರೇ ಕೋಣೆ ಹಿಡಿದರೆ ಹೆಚ್ಚಾಗುತ್ತದೆ. ಬಂದರು ಶುಲ್ಕ, ಸೇವಾ ಶುಲ್ಕ, ಜಿ.ಎಸ್.ಟಿ. ಪ್ರತ್ಯೇಕವಾಗಿ ಸೇರುತ್ತವೆ. ಊಟ, ಉಪಾಹಾರ, ಮನರಂಜನೆ ಬಹುತೇಕ ದರದಲ್ಲೇ ಸೇರಿದ್ದರೂ ಇಂಟರ್‌ನೆಟ್, ಕೆಲವು ಪಾನೀಯಗಳು, ದಡದ ಸುತ್ತಾಟಗಳು ಹೊರಗಿನವು. ರೈಲು ಪ್ರಯಾಣ, ಮುಂಬಯಿಯಲ್ಲಿ ಒಂದು ರಾತ್ರಿಯ ವಸತಿ, ಪ್ರವಾಸ ವಿಮೆ ಇವನ್ನೂ ಕೂಡಿಸಿ, ಒಟ್ಟಿನ ಹತ್ತನೆಯ ಒಂದು ಭಾಗವನ್ನು ಆಕಸ್ಮಿಕಕ್ಕೆಂದು ಇಡಬೇಕು. ರದ್ದುಪಡಿಸಿದರೆ ಎಷ್ಟು ಹಣ ಹಿಂದಕ್ಕೆ ಬರುತ್ತದೆ ಎಂಬ ಷರತ್ತನ್ನು ಮುಂಗಡ ಕೊಡುವ ಮೊದಲೇ ಓದಬೇಕು. ಹೊರಡುವ ದಿನ ಹತ್ತಿರವಾದಂತೆ ಕಡಿತ ಹೆಚ್ಚುತ್ತ ಹೋಗುತ್ತದೆ.

ಈ ಹಣ ದುಡಿಯುವ ಬಂಡವಾಳದಿಂದ ಬರಬಾರದು. ಹಿಂಗಾರಿಗೆ ಗೊಬ್ಬರ ತರಿಸಬೇಕಾದ ಹಣದಲ್ಲಿ ಟಿಕೆಟು ಕೊಂಡರೆ, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿಯಲ್ಲಿ ವಿಹಾರ ಮಾಡಿದಂತೆ. ಹತ್ತು ತಿಂಗಳು ಮೊದಲೇ ಆವರ್ತ ಠೇವಣಿ ಆರಂಭಿಸುವುದು ಉತ್ತಮ.

ಹಡಗು ವಿದೇಶಕ್ಕೆ ಹೋಗುವುದಾದರೆ

ವಿದೇಶಿ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಮಾರುವವರೇ ತೆರಿಗೆ ಸಂಗ್ರಹಿಸುವ ಕ್ರಮ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಮೊದಲು ಶೇ. 5 ಇತ್ತು, 2023ರ ಅಕ್ಟೋಬರ್ 1ರಿಂದ 7 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 20 ಆಯಿತು, 2025ರ ಏಪ್ರಿಲ್ 1ರಿಂದ ಆ ಮಿತಿ 10 ಲಕ್ಷಕ್ಕೇರಿತು. ದರಗಳು ಹೀಗೆ ಮೇಲಿಂದ ಮೇಲೆ ಬದಲಾಗುವುದರಿಂದ ಹಣ ಪಾವತಿಸುವ ದಿನದ ದರವನ್ನೇ ಕೇಳಿಕೊಳ್ಳಿ. ಇದು ವೆಚ್ಚವಲ್ಲ, ರಿಟರ್ನ್ ಸಲ್ಲಿಸಿ ಜಮೆ ಪಡೆಯಬಹುದಾದ ಮೊತ್ತ. ಆದರೆ ಅದು ಯಾರ ಪ್ಯಾನ್ ಸಂಖ್ಯೆಯಲ್ಲಿ ಸಂಗ್ರಹವಾಗಿದೆಯೋ ಅವರೇ ಕೇಳಬೇಕು. ತಾಯಿಯ ಹೆಸರಿನಲ್ಲಿ ಹಣ ಕಟ್ಟಿ, ತಾಯಿಯ ರಿಟರ್ನ್ ಸಲ್ಲಿಸದೆ ಬಿಟ್ಟರೆ ಆ ಹಣ ಅಲ್ಲೇ ಉಳಿಯುತ್ತದೆ. ವರ್ಷದಲ್ಲಿ ವಿದೇಶ ಪ್ರಯಾಣಕ್ಕೆ 2 ಲಕ್ಷ ರೂಪಾಯಿಗಿಂತ ಹೆಚ್ಚು ವೆಚ್ಚ ಮಾಡಿದವರು ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಲೇಬೇಕೆಂಬುದನ್ನೂ ನೆನಪಿಡಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಪುರದಿಂದ ಹೊರಟು ಮಲೇಷ್ಯಾ ನೋಡಿ ಮತ್ತೆ ಸಿಂಗಪುರಕ್ಕೇ ಬರುವ ಹಡಗಾದರೆ, ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಗುತ್ತದೆ. ವೀಸಾ ಅದಕ್ಕೆ ತಕ್ಕಂತಿರಬೇಕು.

ದೇಶದೊಳಗಿನ ಯಾನಕ್ಕೆ ಸರಕಾರಿ ಗುರುತಿನ ಚೀಟಿಯ ಮೂಲಪ್ರತಿ ಬೇಕು, ಮಕ್ಕಳಿಗೂ ಬೇಕು. ಲಕ್ಷದ್ವೀಪಕ್ಕೆ ನಮ್ಮ ದೇಶದವರಿಗೂ ಪ್ರವೇಶ ಅನುಮತಿ ಪತ್ರ ಅಗತ್ಯ. ನಮ್ಮ ಭಾಗದಲ್ಲಿ ಹೆಚ್ಚು ತೊಂದರೆ ಕೊಡುವುದು ಹೆಸರು. ಒಂದು ಚೀಟಿಯಲ್ಲಿ 'ಬಾಯಿ', ಇನ್ನೊಂದರಲ್ಲಿ 'ಅಮ್ಮ'. ಒಂದರಲ್ಲಿ ತವರಿನ ಅಡ್ಡಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು. ಈ ಕುಟುಂಬದ ತಾಯಿಯ ಚೀಟಿಗಳಲ್ಲಿಯೂ ಹೀಗೆಯೇ ಇತ್ತು. ತಿದ್ದುಪಡಿಗೆ ಒಂದೂವರೆ ತಿಂಗಳು ಹಿಡಿಯಿತು. ಟಿಕೆಟು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ದೂರವಾಣಿ ಮೌನವಾದಾಗ

ಹಡಗು ದಡ ಬಿಟ್ಟು ಸ್ವಲ್ಪ ದೂರ ಹೋದರೆ ಮೊಬೈಲಿನ ಸಂಕೇತ ನಿಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ದಾಲ್‌ಮಿಲ್ ಮಾಲೀಕರೊಬ್ಬರು ಕುಟುಂಬದೊಡನೆ ಹಡಗಿನಲ್ಲಿದ್ದಾಗ, ಬ್ಯಾಂಕಿನ ಓ.ಟಿ.ಪಿ. ಅವರ ಮೊಬೈಲಿಗೆ ಮಾತ್ರ ಬರುವಂತಿತ್ತು. ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗಾಯಿಸಲಾಗದೆ, ಮೊದಲೇ ಕೊಟ್ಟಿದ್ದ ಚೆಕ್ ವಾಪಸಾಯಿತು. ಮಾರಾಟದ ವಿವರವೂ ಗಡುವಿನೊಳಗೆ ಸಲ್ಲಿಕೆಯಾಗದೆ ಖರೀದಿದಾರರ ತೆರಿಗೆ ಜಮೆ ಒಂದು ತಿಂಗಳು ಮುಂದಕ್ಕೆ ಹೋಯಿತು. ತಡವಾದುದಕ್ಕೆ ಕಟ್ಟಿದ ಶುಲ್ಕ ಅಲ್ಪ. ಆದರೆ ಹದಿನೆಂಟು ವರ್ಷ ಉದ್ರಿ ಕೊಟ್ಟ ವ್ಯಾಪಾರಿ ಅನಂತರ ನಗದು ಇಲ್ಲದೆ ಮಾಲು ಕಳುಹಿಸಲಿಲ್ಲ. ಅವರ ತೆರಿಗೆ ಕೆಲಸ ನೋಡುತ್ತಿದ್ದವನು ನಾನೇ. ಹೊರಡುವ ಮೊದಲು ಕೇಳಬೇಕಾದುದನ್ನು ನಾನೂ ಕೇಳಿರಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಹಾಗಾಗಿ ನೆಲೋಗಿಯವರಿಗೆ ಸೆಪ್ಟೆಂಬರ್‌ನಲ್ಲೇ ಈ ಕೆಲಸಗಳನ್ನು ಮಾಡಿಸಿದೆ:

1. ಬ್ಯಾಂಕ್ ಖಾತೆಯನ್ನು ಇನ್ನೊಬ್ಬ ಪಾಲುದಾರರೂ ನಿರ್ವಹಿಸುವಂತೆ ಪತ್ರ ಕೊಟ್ಟು, ಅವರ ಮೊಬೈಲಿಗೂ ಓ.ಟಿ.ಪಿ. ಬರುವಂತೆ ವ್ಯವಸ್ಥೆ.
2. ಜಿ.ಎಸ್.ಟಿ. ಜಾಲತಾಣದಲ್ಲಿ ಎರಡನೆಯ ಅಧಿಕೃತ ಸಹಿದಾರರ ಸೇರ್ಪಡೆ. ಇ-ವೇ ಬಿಲ್ಲಿಗೆ ಗುಮಾಸ್ತರ ಹೆಸರಿನಲ್ಲಿ ಉಪ ಬಳಕೆದಾರ ಖಾತೆ.
3. ಆ ವಾರ ನಗದಾಗಬಹುದಾದ ಎಲ್ಲ ಚೆಕ್ಕುಗಳ ಪಟ್ಟಿ, ಅಷ್ಟು ಹಣ ಖಾತೆಯಲ್ಲಿ ಇಡುವುದು.
4. ಸಹಿ ಹಾಕಿದ ಖಾಲಿ ಚೆಕ್ ಯಾರಿಗೂ ಕೊಡದಿರುವುದು. ಡಿಜಿಟಲ್ ಸಹಿಯ ಟೋಕನ್ ಕೂಡ ಹಾಗೆಯೇ.
5. ಉದ್ರಿ ಕೊಟ್ಟವರ ಪೂರ್ಣ ಪಟ್ಟಿ, ಬರೆದಿರುವುದೂ ಮನಸ್ಸಿನಲ್ಲಿರುವುದೂ.
6. ವಿಮೆ, ಠೇವಣಿ, ಖಾತೆಗಳ ನಾಮನಿರ್ದೇಶನದ ಪರಿಶೀಲನೆ. ಮನೆಯ ಐವರು ಒಂದೇ ಹಡಗಿನಲ್ಲಿ ಹೋಗುವಾಗ ಇದು ಅಪಶಕುನದ ಮಾತಲ್ಲ, ಹೊಣೆಯ ಮಾತು.

ಐದನೆಯ ಕೆಲಸವೇ ಕಷ್ಟವಾಯಿತು. ಹಿರಿಯರು ಮೂರು ರಾತ್ರಿ ಕುಳಿತು ಬರೆಸಿದಾಗ, ಪುಸ್ತಕದಲ್ಲಿಲ್ಲದೆ ಅವರ ನೆನಪಿನಲ್ಲಿ ಮಾತ್ರ ಇದ್ದ 41 ಬಾಕಿಗಳು ಹೊರಬಂದವು. ತಮ್ಮಂದಿರಿಗೆ ಅವುಗಳಲ್ಲಿ ಅರ್ಧದಷ್ಟೂ ತಿಳಿದಿರಲಿಲ್ಲ.

ಹಿರಿಯರ ಅನುಕೂಲ

ಕೋಣೆಯನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಪಡೆದರೆ ಓಲಾಟ ಕಡಿಮೆ. ದೊಡ್ಡ ಪೆಟ್ಟಿಗೆಗಳನ್ನು ಸಿಬ್ಬಂದಿ ಪಡೆದು ತಡವಾಗಿ ಕೋಣೆಗೆ ತಲುಪಿಸುವುದರಿಂದ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಔಷಧಗಳು ಕೈಚೀಲದಲ್ಲೇ ಇರಬೇಕು. ಹಡಗು ಲಕ್ಷದ್ವೀಪದಲ್ಲಿ ದಡಕ್ಕೆ ತಾಗದೆ ದೂರದಲ್ಲಿ ನಿಲ್ಲುತ್ತದೆ. ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮೊಣಕಾಲು ನೋವಿನವರು ಇದನ್ನು ಮೊದಲೇ ತಿಳಿದಿರಬೇಕು. ಸಸ್ಯಾಹಾರ, ಜೈನ ಆಹಾರದ ಬಗ್ಗೆ ಕಾಯ್ದಿರಿಸುವಾಗಲೇ ತಿಳಿಸಬೇಕು. ಕೋಣೆಯಲ್ಲಿ ಬೆಂಕಿಗೆ ಸಂಬಂಧಿಸಿದ ಏನೂ ಕೂಡದು. ದೀಪವಿಲ್ಲ, ಊದುಬತ್ತಿಯಿಲ್ಲ, ನೀರು ಕಾಯಿಸುವ ವಿದ್ಯುತ್ ಸಾಧನವೂ ಇಲ್ಲ. ನಿತ್ಯ ಇಷ್ಟಲಿಂಗ ಪೂಜೆ ಮಾಡುವ ಆ ತಾಯಿಗೆ ಇದನ್ನು ತಿಳಿಸಿದಾಗ ಅವರು, "ವಿಭೂತಿ ಸಾಕು ಬಿಡ್ರಿ, ಲಿಂಗ ಕೈಯಾಗೇ ಅದ" ಎಂದರಂತೆ.

ಹಿಂತಿರುಗಿದ ಮೇಲೆ

ಕುಟುಂಬ 19ರಂದು ಊರು ಸೇರಿತು. ದೋಣಿಗೆ ಇಳಿಯಲಾಗದ ತಾಯಿ ಲಕ್ಷದ್ವೀಪದ ಮರಳನ್ನು ಮುಟ್ಟಲಿಲ್ಲ. ಮೇಲಿನ ಅಂತಸ್ತಿನಲ್ಲಿ ಕುಳಿತು ಇಡೀ ದಿನ ನೀರು ನೋಡಿದರು. ಅಂಗಡಿಯಲ್ಲಿ ಒಂದು ತಪ್ಪಾಗಿತ್ತು: ಗೊಬ್ಬರದ ಒಂದು ಲೋಡಿನ ದರದಲ್ಲಿ ಕಿರಿಯ ತಮ್ಮ ಸ್ವಲ್ಪ ಹೆಚ್ಚು ಕೊಟ್ಟಿದ್ದರು. ಹಿರಿಯರು ಅದನ್ನು ನೋಡಿ ಏನೂ ಹೇಳಲಿಲ್ಲ. 20ಕ್ಕೆ ಸಲ್ಲಿಸಬೇಕಾದ ನಮೂನೆಯನ್ನು ನಡುವಿನ ಸಹೋದರರೇ ತಮ್ಮ ಮೊಬೈಲಿನ ಓ.ಟಿ.ಪಿ.ಯಿಂದ ಸಲ್ಲಿಸಿದರು.

ಹೊಸ ವರ್ಷದ ಲೆಕ್ಕಕ್ಕೆ ಬಂದಾಗ ಅವರು 41 ಬಾಕಿಗಳ ಪಟ್ಟಿಯನ್ನು ತಂದಿದ್ದರು. ತೊಗರಿ ಸುಗ್ಗಿಯಲ್ಲಿ ತಮ್ಮಂದಿರು ಸೇರಿ ಅದರಲ್ಲಿ 26 ಬಾಕಿಗಳನ್ನು ವಸೂಲು ಮಾಡಿದ್ದರು. ಉಳಿದವುಗಳ ಎದುರಿಗೆ ಕಾರಣ ಬರೆದಿತ್ತು. ಮುಂದಿನ ದಸರೆಗೆ ನಡುವಿನವರ ಸರದಿ ಎಂದೂ ಹೇಳಿ ಹೋದರು.

ನಮ್ಮ ಸದಸ್ಯರಲ್ಲಿ ಅನೇಕರು ಅಂಗಡಿಯನ್ನು ತಲೆಯಲ್ಲಿಟ್ಟುಕೊಂಡು ನಡೆಸುವವರು. ಹಡಗು ಹತ್ತಲಿ, ಬಿಡಲಿ, ಆರು ದಿನ ತಾವಿಲ್ಲದಿದ್ದರೆ ಏನಾದೀತೆಂದು ಒಮ್ಮೆ ಕಾಗದದ ಮೇಲೆ ಬರೆದು ನೋಡಲಿ. ಆ ಕಾಗದ ಸಿದ್ಧವಾದ ಮೇಲೆ ಟಿಕೆಟು ಕೊಳ್ಳುವುದು ಸುಲಭ.