ಉಳಿಸಿದ ಲಾಭಕ್ಕೆ ತೆರಿಗೆ: ಎಸ್ಟೋನಿಯದ ನೀತಿ, ಹೆಬ್ಬಾಳದ ಲೆಕ್ಕ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಯಾಗಾರವೊಂದು ವರ್ಷಾಂತ್ಯಕ್ಕೆ 10 ಲಕ್ಷ ರೂ. ತೆರಿಗೆಗೆ ಒಳಪಡುವ ಲಾಭ ಗಳಿಸಿದೆ ಎಂದು ಭಾವಿಸೋಣ. ಮುಂದಿನ ವರ್ಷ ಹಳೆಯ ಲೇತ್ ತೆಗೆದು ಸಿಎನ್‌ಸಿ ಯಂತ್ರ ಕೂರಿಸಲು ಆ ಹಣವನ್ನು ಸಂಸ್ಥೆಯಲ್ಲಿಯೇ ಉಳಿಸುವುದು ಪಾಲುದಾರರ ಇಚ್ಛೆ. ಪಾಲುದಾರಿಕೆ ಸಂಸ್ಥೆಯಾದ ಕಾರಣ ಶೇ. 30ರ ಆದಾಯ ತೆರಿಗೆ ಹಾಗೂ ಅದರ ಮೇಲೆ ಶೇ. 4ರ ಸೆಸ್ ಸೇರಿ 3,12,000 ರೂ. ತೆರಬೇಕು. ಯಂತ್ರಕ್ಕೆ ಉಳಿಯುವುದು 6,88,000 ರೂ. ಯಂತ್ರ ಬಂದ ಮೇಲೆ ಸವಕಳಿಯ ರೂಪದಲ್ಲಿ ಕೊಂಚ ಪರಿಹಾರ ದೊರೆಯುವುದಾದರೂ ಅದು ವರ್ಷಗಳುದ್ದಕ್ಕೂ ಹಂಚಿಹೋಗುತ್ತದೆ.

ಇದೇ ಲಾಭ ಯೂರೋಪಿನ ಎಸ್ಟೋನಿಯದ ಕಂಪನಿಯೊಂದಕ್ಕೆ ಬಂದಿದ್ದರೆ ಆ ವರ್ಷ ತೆರಿಗೆಯೇ ಇಲ್ಲ. ಸೋವಿಯತ್ ಒಕ್ಕೂಟದಿಂದ ಬಿಡುಗಡೆ ಪಡೆದ ಆ ಪುಟ್ಟ ರಾಷ್ಟ್ರ 1994ರಲ್ಲಿ ಶೇ. 26ರ ಏಕದರ ಆದಾಯ ತೆರಿಗೆಯನ್ನು ಜಾರಿಗೆ ತಂದಿತು. 2000ದಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಂಪನಿಯಲ್ಲಿ ಉಳಿದ ಲಾಭವನ್ನು ಬಿಟ್ಟು, ಲಾಭಾಂಶವಾಗಿ ಹೊರಹೋದಾಗ ಮಾತ್ರ ತೆರಿಗೆ ವಿಧಿಸತೊಡಗಿತು. ಹಣವನ್ನು ಎಲ್ಲಿ ತೊಡಗಿಸಬೇಕೆಂಬುದು ಉದ್ದಿಮೆದಾರನಿಗೆ ಸರ್ಕಾರಕ್ಕಿಂತ ಚೆನ್ನಾಗಿ ತಿಳಿದಿರುತ್ತದೆ ಎಂಬ ಮುಕ್ತ ಮಾರುಕಟ್ಟೆಯ ವಾದ ಇದರ ಹಿಂದಿದೆ. ಇದು ತೆರಿಗೆ ಮನ್ನಾ ಅಲ್ಲ, ಮುಂದೂಡಿಕೆ. ಸುಮ್ಮನೆ ಬ್ಯಾಂಕಿನಲ್ಲಿಟ್ಟ ಲಾಭಕ್ಕೂ ಇದೇ ರಿಯಾಯಿತಿ ದೊರೆಯುತ್ತದೆ ಎಂಬ ಆಕ್ಷೇಪ ನ್ಯಾಯವಾದುದೇ. ಅಲ್ಲದೆ ಬೊಕ್ಕಸದ ಅಗತ್ಯ ಅಲ್ಲಿಯೂ ತಪ್ಪಿಲ್ಲ: ಹಂಚಿದ ಲಾಭದ ಮೇಲಿನ ತೆರಿಗೆ 2025ರಲ್ಲಿ ಶೇ. 20ರಿಂದ 22ಕ್ಕೆ ಏರಿತು. ಮೌಲ್ಯವರ್ಧಿತ ತೆರಿಗೆ ಅದೇ ವರ್ಷದ ಜುಲೈನಿಂದ ಶೇ. 24 ಆಯಿತು.

ನಮ್ಮಲ್ಲಿ ಪರೋಕ್ಷ ತೆರಿಗೆಯ ಮಟ್ಟಿಗೆ ಯೂರೋಪಿನ ಮಾದರಿ ಬಂದಾಗಿದೆ. ಫ್ರಾನ್ಸ್ 1954ರಲ್ಲಿ ಆರಂಭಿಸಿದ ಮೌಲ್ಯವರ್ಧಿತ ತೆರಿಗೆ ಕರ್ನಾಟಕಕ್ಕೆ 2005ರ ಏಪ್ರಿಲ್ 1ರಂದು ಬಂದಿತು. 2017ರ ಜುಲೈ 1ರಿಂದ ಜಿಎಸ್‌ಟಿ ಅದರ ಸ್ಥಾನ ಪಡೆಯಿತು. ಆದಾಯ ತೆರಿಗೆಯಲ್ಲಿ ಮಾತ್ರ ತಾರತಮ್ಯ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಬಹುತೇಕ ವಿನಾಯಿತಿಗಳನ್ನು ಬಿಡಲೊಪ್ಪುವ ಕಂಪನಿಗಳಿಗೆ ಶೇ. 22ರ ದರ ನೀಡಿತು. ಸರ್‌ಚಾರ್ಜ್, ಸೆಸ್ ಸೇರಿದರೂ 10 ಲಕ್ಷಕ್ಕೆ 2,51,680 ರೂ. ಮಾತ್ರ. ಪಾಲುದಾರಿಕೆಗೆ ಈ ಆಯ್ಕೆಯಿಲ್ಲ. ಒಂದೇ ಕೆಲಸ, ಒಂದೇ ಲಾಭ. ಸಂಸ್ಥೆಯ ಸ್ವರೂಪ ಬೇರೆಯೆಂಬ ಕಾರಣಕ್ಕೆ 60,320 ರೂ. ಹೆಚ್ಚು ತೆರಿಗೆ. ಸಣ್ಣ ಉದ್ದಿಮೆಗೆ ಇದು ಅಲ್ಪ ಮೊತ್ತವೇನಲ್ಲ.

ಹಾಗೆಂದು ಅವಸರದಲ್ಲಿ ಕಂಪನಿಯಾಗಿ ಪರಿವರ್ತನೆಗೊಳ್ಳುವುದು ಎಲ್ಲರಿಗೂ ಲಾಭಕರವಲ್ಲ. ಪಾಲುದಾರರ ಕೈಸೇರುವ ಲಾಭದ ಪಾಲಿಗೆ ಮತ್ತೆ ತೆರಿಗೆಯಿಲ್ಲ. ಕಂಪನಿಯ ಲಾಭಾಂಶಕ್ಕಾದರೋ 2020ರ ಏಪ್ರಿಲ್‌ನಿಂದ ಷೇರುದಾರರು ತಮ್ಮ ದರದಲ್ಲಿ ತೆರಿಗೆ ತೆರಬೇಕು. ಲಾಭವನ್ನು ವರ್ಷವರ್ಷವೂ ಮನೆಖರ್ಚಿಗೆ ತೆಗೆಯುವವರಿಗೂ ಯಂತ್ರಕ್ಕೆಂದು ಕೂಡಿಡುವವರಿಗೂ ಲೆಕ್ಕ ಬೇರೆಯಾಗುವುದು ಇಲ್ಲಿಯೇ. ಜೊತೆಗೆ ನಿವೇಶನ ಪಾಲುದಾರಿಕೆಯ ಹೆಸರಿನಲ್ಲಿ ಹಂಚಿಕೆಯಾಗಿದ್ದರೆ ಕೆಐಎಡಿಬಿಯ ಅನುಮತಿ, ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಹೊಸ ಜಿಎಸ್‌ಟಿ ನೋಂದಣಿ, ಪ್ರತಿವರ್ಷದ ಲೆಕ್ಕಪರಿಶೋಧನೆ ಇವುಗಳ ವೆಚ್ಚವನ್ನೂ ಆ 60,320 ರೂಪಾಯಿಯ ಎದುರಿಗಿಟ್ಟು ನೋಡಬೇಕಾಗುತ್ತದೆ.